ಡಾರ್ಲೀನ್ ಬೇಡವೆಂದ ಕಾಲೇಜು

ಅಮೆರಿಕದ ಸುಪೀರಿಯರ್ ಸರೋವರದ ದಡದ ಊರೊಂದರಲ್ಲಿ, ಎರಕದ ಕಾರ್ಖಾನೆಯ ಕುಲುಮೆಯ ಮುಂದೆ ಇಪ್ಪತ್ತಾರು ವರ್ಷ ನಿಂತವಳು ಡಾರ್ಲೀನ್ ಪೆಕ್ಕಲಾ. ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಹದ ಹೇಳುತ್ತಿದ್ದಳು. ಎಂಜಿನಿಯರುಗಳೂ ಅವಳ ಮಾತು ತೆಗೆದುಹಾಕುತ್ತಿರಲಿಲ್ಲ.

ಮಗಳು ಆಯ್ಲಾ ಲೋಹಶಾಸ್ತ್ರದ ಎಂಜಿನಿಯರಿಂಗ್ ಓದುತ್ತೇನೆಂದಾಗ ಅವಳು ಹಿಗ್ಗಿಹೋದಳು. ಆದರೆ ಹುಡುಗಿ ವಾರಗಟ್ಟಲೆ ಹತ್ತಾರು ಕಾಲೇಜುಗಳನ್ನು ಅಳೆದು ಸುರಿದು ಕೊನೆಗೆ ಬೆರಳಿಟ್ಟದ್ದು ಮುಕ್ಕಾಲು ಗಂಟೆ ದಾರಿಯ ಸರ್ಕಾರಿ ಕಾಲೇಜಿನ ಮೇಲೆ. ರಾಜ್ಯದವರಿಗೆ ಅಲ್ಲಿ ಶುಲ್ಕ ಕಡಿಮೆ, ತರಗತಿಗೆ ಇಪ್ಪತ್ತೇ ಜನ, ಮೊದಲ ವರ್ಷದಿಂದಲೇ ಕೈಯಾರೆ ಎರಕ ಹೊಯ್ಯಬಹುದು, ಬೇಸಿಗೆಯಲ್ಲಿ ಸಂಬಳದ ಕೆಲಸ ಬೇರೆ. ಡಾರ್ಲೀನ್ ಒಂದೊಂದಕ್ಕೂ ಕೊಂಕು ತೆಗೆದಳು. ದೂರದ ಹೆಸರಾಂತ ಖಾಸಗಿ ಕಾಲೇಜೇ ಮೇಲು, ಬೇಕಾದರೆ ಮನೆ ಅಡವಿಡುತ್ತೇನೆ ಎಂದಳು.

“ಹತ್ತಿರದ ಕಾಲೇಜಿನ ಮೇಲೆ ನಿನಗ್ಯಾಕಮ್ಮ ಇಷ್ಟು ಸಿಟ್ಟು? ಅಜ್ಜ ಕಾಯಿಲೆ ಬೀಳದೆ ಹೋಗಿದ್ರೆ ನೀನೂ ಅಲ್ಲೇ ಓದು ಮುಗಿಸ್ತಿದ್ದೆ, ಅಲ್ವಾ?”

ಅಜ್ಜನ ಕಾಯಿಲೆ ಡಾರ್ಲೀನಳೇ ಹೆಣೆದ ಕತೆ. ಎರಡನೇ ವರ್ಷ ಅವಳು ಪ್ರಯೋಗ ಮಾಡದೆ, ಉಕ್ಕಿನ ತುಂಡು ಎಷ್ಟು ಎಳೆತ ತಡೆಯಿತೆಂಬ ಅಂಕಿಗಳನ್ನು ಮನಸ್ಸಿಗೆ ಬಂದಂತೆ ಬರೆದುಕೊಟ್ಟಿದ್ದಳು. ಜೊತೆಗಾರ ಗ್ಲೆನ್ ರೌಟಿಯೋ ನಂಬಿ ಅದನ್ನೇ ವರದಿಗೆ ಇಳಿಸಿದ. ಮೋಸ ಬಯಲಾದಾಗ ಕಾಗದದ ಮೇಲೆ ಇದ್ದದ್ದು ಅವನ ಕೈಬರಹ. ವಿದ್ಯಾರ್ಥಿವೇತನ ಹೋಗಿ ಅವನು ಎರಡು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು, ಆಮೇಲಷ್ಟೇ ಓದಿಗೆ ಮರಳಿದ. ಡಾರ್ಲೀನ್ ತುಟಿ ಬಿಚ್ಚದೆ, ಆ ವಾರವೇ ಗಂಟುಮೂಟೆ ಕಟ್ಟಿದ್ದಳು.

ಏಪ್ರಿಲ್‌ನಲ್ಲಿ ಆಯ್ಲಾ ತಾಯಿಯನ್ನು ಎಳೆದುಕೊಂಡೇ ಕಾಲೇಜು ನೋಡಲು ಹೋದಳು. ಕುಲುಮೆಯ ಪಕ್ಕ ನಿಂತು ವಿವರಿಸುತ್ತಿದ್ದ ನರೆಗೂದಲ ಪ್ರೊಫೆಸರೇ ಆ ಗ್ಲೆನ್. ಡಾರ್ಲೀನಳನ್ನು ಕಂಡ ಕೂಡಲೇ ಗುರುತಿಸಿದ. ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದು ಆಯ್ಲಾಳಿಗೆ ಹೇಳಿದ: “ನಿಮ್ಮಮ್ಮ, ನಾನು ಒಂದೇ ಬೆಂಚು. ನನಗಿಂತ ಚುರುಕು ಅವಳು.”

ಆ ಹೊಗಳಿಕೆ ಡಾರ್ಲೀನಳಿಗೆ ಕೆನ್ನೆಗೆ ಬಾರಿಸಿದಂತಾಯಿತು.

“ಗ್ಲೆನ್, ಆ ಸುಳ್ಳು ಅಂಕಿ ಬರೆದವಳು ನಾನು,” ಎಂದಳು, ಮಗಳ ಎದುರಿಗೇ.

“ಗೊತ್ತು. ಬಂದು ಹೇಳ್ತೀಯ ಅಂತ ಆ ಚಳಿಗಾಲವಿಡೀ ಕಾದೆ. ಆಮೇಲೆ ಬಿಟ್ಟುಬಿಟ್ಟೆ.”

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಅವಳು ಹೇಳಿಸಿಕೊಳ್ಳಲೂ ನಿಲ್ಲಲಿಲ್ಲ.

ಕಾರಿನಲ್ಲಿ ಆಯ್ಲಾ ಕೇಳಿದಳು, “ಹಾಗಾದ್ರೆ ಅಜ್ಜ ಚೆನ್ನಾಗೇ ಇದ್ರಾ?”

“ಚೆನ್ನಾಗೇ ಇದ್ದ. ಆ ವರ್ಷವೆಲ್ಲ ಮೀನು ಹಿಡೀತಿದ್ದ.”

ಡಾರ್ಲೀನ್ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಮಗಳ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಆಯ್ಲಾ ಅದೇ ಕಾಲೇಜು ಸೇರಿದಳು. ಹಾಸ್ಟೆಲಿಗೆ ಸಾಮಾನು ಹೊತ್ತು ತಂದ ದಿನ ಗ್ಲೆನ್ ಎದುರಾದ. ಬೇರೆ ತಂದೆ ತಾಯಿಯರಿಗೆ ಮಾಡಿದಂತೆಯೇ ಇವಳಿಗೂ ತಲೆಯಾಡಿಸಿ ಮುಂದೆ ಹೋದ. ತನಗೆ ಇಷ್ಟು ಸಂದದ್ದೇ ಹೆಚ್ಚು ಅನ್ನಿಸಿ, ಡಾರ್ಲೀನ್ ಉಳಿದ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.