ಹೊತ್ತು ಮುಳುಗಿದ ಮೇಲೆ ಉಣ್ಣದ ರಾಕ್ಷಸ

ಹೊಸನಗರದಲ್ಲಿ ವಾರವಿಡೀ ನಾನು ಕೊರಿಯರ್‌ನವನು, ಭಾನುವಾರ ಮರಿರಾಕ್ಷಸ. ಎರಡಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಎರಡರಲ್ಲೂ ಯಾರದೋ ಸಾಮಾನು ಹೊತ್ತು ನಿಲ್ಲಬೇಕು, ತಡವಾಯಿತೆಂದು ಬೈಸಿಕೊಳ್ಳಬೇಕು. ಮೊದಲನೆಯದಕ್ಕೆ ಸಂಬಳ ಕೊಡುತ್ತಾರೆ, ಎರಡನೆಯದಕ್ಕೆ ಮುಖಕ್ಕೆ ಬಣ್ಣ ಹಚ್ಚುತ್ತಾರೆ. ಎರಡರಲ್ಲಿ ಬಣ್ಣವೇ ಹೆಚ್ಚು ದಿನ ಉಳಿಯುವುದು.

ನಮ್ಮ ಕಲಾಸಂಘ ಈ ವರ್ಷ ಮಕ್ಕಳಿಗೆಂದು ಹಾಡಿನ ನಾಟಕ ಹಿಡಿದಿತ್ತು. ಕತೆ ಸರಳ. ಎಷ್ಟು ತಿಂದರೂ ಹೊಟ್ಟೆ ತುಂಬದ ರಾಕ್ಷಸನೊಬ್ಬ ರಾಜಕುಮಾರಿಯ ತಮ್ಮನನ್ನು ಹೊತ್ತೊಯ್ಯುತ್ತಾನೆ. ಅವಳು ಬುಟ್ಟಿ ತುಂಬ ಕಡುಬು ಮಾಡಿಕೊಂಡು ಬಂದು, ಹಾಡಿನ ಒಂದೊಂದು ಸಾಲಿಗೆ ಒಂದೊಂದು ಕಡುಬು ತಿನ್ನಿಸಿ, ಅವನು ತೂಕಡಿಸಿ ಬಿದ್ದಾಗ ತಮ್ಮನನ್ನು ಬಿಡಿಸಿಕೊಂಡು ಹೋಗುತ್ತಾಳೆ. ರಾಕ್ಷಸನ ಗದೆ ಹಿಡಿದು ಪಕ್ಕದಲ್ಲಿ ನಿಲ್ಲುವವನು ನಾನು. ನನಗಿದ್ದ ಒಟ್ಟು ಮಾತು "ಹೌದು ಒಡೆಯಾ". ಅದನ್ನೂ ತಾಲೀಮಿನಲ್ಲಿ ಮರೆಯುತ್ತಿದ್ದೆ. ನಿರ್ದೇಶಕಿ ಸೌಜನ್ಯ ಮೇಡಂ ಹೈಸ್ಕೂಲಿನಲ್ಲಿ ಪಾಠ ಮಾಡುವವರು. ದಡ್ಡರ ವಿಷಯದಲ್ಲಿ ತಾಳ್ಮೆ ಇದೆ. "ದೀಪಕ್, ನೀನು ತಲೆ ಆಡಿಸಿದ್ರೂ ಸಾಕಪ್ಪ" ಎಂದಿದ್ದರು.

ಊರಿಗೆ ಸುದ್ದಿಯಾದದ್ದು ರಾಕ್ಷಸ ಯಾರು ಎಂಬುದು. ಬಸ್ ಸ್ಟ್ಯಾಂಡ್ ಹತ್ತಿರ ದಿನಸಿ ಅಂಗಡಿ ಇಟ್ಟಿರುವ ಪುಷ್ಪದಂತ, ಊರವರ ಬಾಯಲ್ಲಿ ಪುಷ್ಪಣ್ಣ.

ಪುಷ್ಪಣ್ಣ ಜೈನರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಮುಟ್ಟುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹಿಡಿದ ವ್ರತ. ಅಮ್ಮ ಹೋದ ಮೇಲೂ ಬಿಡಲಿಲ್ಲ. ಸಂಜೆ ಬಿಸಿಲು ಎದುರಿನ ಟೈಲರ್ ಅಂಗಡಿಯ ಹೆಂಚಿಗೆ ಏರಿತೆಂದರೆ ಅವರ ಕೈ ತಕ್ಕಡಿಯ ಮೇಲೆ ನಿಲ್ಲುವುದಿಲ್ಲ. ಅರ್ಧ ಕಟ್ಟಿದ ಬೆಲ್ಲದ ಪೊಟ್ಟಣವನ್ನು ಗಿರಾಕಿಯ ಕೈಗಿಟ್ಟು "ದಾರ ನೀವೇ ಸುತ್ಕೊಳ್ಳಿ ಮಾರಾಯ್ರೆ" ಎಂದು ಅಂಗಡಿಯ ಹಿಂದಿನ ಮನೆಗೆ ಓಡುತ್ತಾರೆ. ಹೊಸಬರು ಯಾರಿಗೋ ಏನೋ ಆಯಿತೆಂದು ಗಾಬರಿಯಾಗುತ್ತಾರೆ. ಹಳಬರು ದಾರ ಸುತ್ತಿಕೊಂಡು, ದುಡ್ಡನ್ನು ಡಬ್ಬದ ಕೆಳಗಿಟ್ಟು ಹೋಗುತ್ತಾರೆ.

ಹೀಗೆ ವರ್ಷಗಟ್ಟಲೆ ಸೂರ್ಯನ ಜೊತೆ ಪಂದ್ಯ ಕಟ್ಟಿ ಉಂಡು ಉಂಡು ಅವರಿಗೆ ಉಣ್ಣುವುದರಲ್ಲಿ ಒಂದು ಕಳೆ ಬಂದುಬಿಟ್ಟಿದೆ. ಅವಸರ ಉಂಟು, ಒರಟುತನ ಇಲ್ಲ. ತುತ್ತು ಬಾಯಿಗೆ ಬರುವ ಮೊದಲೇ ಹುಬ್ಬು ಎದ್ದು ನಿಲ್ಲುತ್ತದೆ, ಕಿವಿ ಅಲ್ಲಾಡುತ್ತದೆ, ಭುಜ ಜಾಗ ಮಾಡಿಕೊಡುತ್ತದೆ. ನೋಡುತ್ತ ನಿಂತವರಿಗೆ ಉಂಡಿದ್ದರೂ ಹಸಿವಾಗುತ್ತದೆ.

ಸಂಘದಲ್ಲಿ ಅವರು ನಾನು ಹುಟ್ಟುವುದಕ್ಕೂ ಮೊದಲಿನಿಂದ ಪರದೆ ಎಳೆಯುವವರು. ಹಗ್ಗ ಹಿಡಿದು ನಿಂತು, ರಾಜನ ಮಾತಿಗೂ ರಾಣಿಯ ಅಳುವಿಗೂ ತುಟಿ ಆಡಿಸುತ್ತಾರೆ. ಪಾತ್ರ ಬೇಕೆಂದು ಅವರು ಕೇಳಲಿಲ್ಲ, ಸಂಘದವರೂ ಕೊಡಲಿಲ್ಲ. ಪರದೆಗೆ ಬೇರೆ ಯಾರಿದ್ದಾರೆ? ಈ ಸಲ ಒಂದು ಸಂಜೆ ಪಾತ್ರ ಹಂಚುವ ಸಭೆ ಎಳೆಯಿತು. ಬಿಸಿಲು ಇಳಿಯುವುದನ್ನು ನೋಡಿ ಅವರ ಹೆಂಡತಿ ಜಿನಮ್ಮ ಟಿಫಿನ್ ಕ್ಯಾರಿಯರ್ ಹಿಡಿದು ಬಂದರು. ಪುಷ್ಪಣ್ಣ ಮೂಲೆಯಲ್ಲಿ ಕುಳಿತು ಉಂಡರು. ಸಭೆಯಲ್ಲಿ ಒಬ್ಬೊಬ್ಬರದೇ ಮಾತು ನಿಂತಿತು. ಡಬ್ಬಿ ಖಾಲಿಯಾದಾಗ ಸೌಜನ್ಯ ಮೇಡಂ ಪೆನ್ನು ಮುಚ್ಚಿ "ರಾಕ್ಷಸ ಸಿಕ್ಕಿದ" ಎಂದರು.

ಮರುದಿನ ನಾನು ಕೊರಿಯರ್ ಆಫೀಸಿನ ಬೀಗ ತೆಗೆಯುವ ಮೊದಲೇ ಪುಷ್ಪಣ್ಣ ಮೆಟ್ಟಿಲ ಮೇಲೆ ಕೂತಿದ್ದರು.

"ದೀಪು, ಮೇಡಂ ನಿನ್ನೆ ತಮಾಷೆಗೆ ಹೇಳಿದ್ದಲ್ಲ, ಅಲ್ದಾ?"

"ಅಲ್ಲ ಪುಷ್ಪಣ್ಣ. ತಮಾಷೆಗೆ ಪಾತ್ರ ಕೊಟ್ಟಿದ್ದು ನಂಗೆ."

ನಾಟಕ ಮೂರು ಊರಿಗೆ ನಿಗದಿಯಾಗಿತ್ತು: ಮೊದಲು ನಮ್ಮೂರು, ಆಮೇಲೆ ಸಾಗರ, ತೀರ್ಥಹಳ್ಳಿ. ಅಲ್ಲಿನ ಎರಡು ಪ್ರದರ್ಶನಗಳೂ ಕತ್ತಲಾದ ಮೇಲೆ. ಕತ್ತಲಾದ ಮೇಲೆ ಪುಷ್ಪಣ್ಣ ಕಡುಬು ತಿನ್ನುವ ಹಾಗಿಲ್ಲ. ಹತ್ತಿ ಸುತ್ತಿದ ಕಡುಬು ಮಾಡಿ ತಿಂದ ಹಾಗೆ ನಟಿಸಬಹುದಲ್ಲ ಎಂದು ಯಾರೋ ಹೇಳಿದರು. ಪುಷ್ಪಣ್ಣನೇ ಒಪ್ಪಲಿಲ್ಲ. "ಮಕ್ಕಳು ಎದುರಿಗೇ ಕೂತಿರ್ತಾವೆ. ನನ್ನ ಅಂಗಡೀಲಿ ಪೆಪ್ಪರ್‌ಮೆಂಟು ಎಣಿಸಿ ತಗೊಳ್ಳೋವು. ಅವಕ್ಕೆ ಹತ್ತಿ ಗೊತ್ತಾಗಲ್ವಾ?" ಹೀಗಾಗಿ ಹೊಸನಗರದ ಪ್ರದರ್ಶನ ಸಂಜೆ ನಾಲ್ಕಕ್ಕೆ, ಪುಷ್ಪಣ್ಣನಿಗೆ, ಉಳಿದೆರಡು ಕಾರ್ಗಲ್‌ನ ಜಟ್ಟಿಂಗಪ್ಪ ಎಂಬ ದಪ್ಪ ಮನುಷ್ಯರಿಗೆ ಎಂದು ತೀರ್ಮಾನವಾಯಿತು.

"ಒಂದು ಸಿಕ್ತಲ್ಲ, ಸಾಕು" ಎಂದರು ಪುಷ್ಪಣ್ಣ. ಆದರೆ ಆ ಒಂದಕ್ಕಾಗಿ ಅವರು ಅಂಗಡಿಯಲ್ಲಿ ಅಕ್ಕಿ ಅಳೆಯುವಾಗಲೂ ಘರ್ಜಿಸುವುದನ್ನು ಕಲಿಯುತ್ತಿದ್ದರು. ಗಿರಾಕಿಗಳು ತೂಕ ಕೇಳುವುದನ್ನೇ ಬಿಟ್ಟರು.

ಈಗ ನಮ್ಮ ಅಧ್ಯಕ್ಷ ಜಯಪ್ಪನವರ ವಿಚಾರ. ಒಳ್ಳೆಯ ಮನುಷ್ಯ. ಆದರೆ ಉದ್ಘಾಟನೆ ಮಾಡದೆ ಬಾವಿಯ ನೀರನ್ನೂ ಸೇದುವವರಲ್ಲ. ಸೂರ್ಯ ಮುಳುಗುವ ಮೊದಲು ಕಡುಬಿನ ದೃಶ್ಯ ಮುಗಿಯಬೇಕೆಂದು ನಾಲ್ಕು ಗಂಟೆಯ ಲೆಕ್ಕ ಹಾಕಿದ್ದು ಇಡೀ ಸಂಘ; ಅದೇ ಸಂಘ ಆಮಂತ್ರಣದಲ್ಲಿ "ನಾಟಕಕ್ಕೆ ಮೊದಲು ಕಿರು ಸಭಾ ಕಾರ್ಯಕ್ರಮ" ಎಂದು ಅಚ್ಚು ಹಾಕಿಸಿತ್ತು. ನಾನೇ ಆ ಆಮಂತ್ರಣಗಳನ್ನು ಮನೆಮನೆಗೆ ಹಂಚಿದ್ದೆ. "ಕಿರು" ಎಂಬ ಮಾತನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ ಎಂಬುದು ಗೊತ್ತಿದ್ದೂ ನಂಬಿದ್ದೆವು.

ಪ್ರದರ್ಶನದ ಭಾನುವಾರ ಮಧ್ಯಾಹ್ನವೇ ಜಿನಮ್ಮ ಕಡುಬು ಬೇಯಿಸಿ ಬುಟ್ಟಿಗೆ ತುಂಬಿ ತಂದರು. ಅಕ್ಕಿತರಿಯ ದುಂಡನೆಯ ಬಿಳಿ ಕಡುಬು, ಹಿಂದಿನ ಸಾಲಿಗೂ ಕಾಣುವಷ್ಟು ದಪ್ಪ. ರಂಗದ ಮೇಲೆ ಹೊಟ್ಟೆ ತುಂಬುತ್ತದಲ್ಲ ಎಂದು ಪುಷ್ಪಣ್ಣ ಬೆಳಗಿನ ತಿಂಡಿಯ ಮೇಲೆ ಏನೂ ತಿಂದಿರಲಿಲ್ಲ. ಕೊಂಬು, ಕೋರೆಹಲ್ಲು, ಅಂಟು ಹಾಕಿ ಕೂರಿಸಿದ ಮೀಸೆ. ಬಯಲು ರಂಗಮಂದಿರದ ತುಂಬ ಮಕ್ಕಳು.

ಸಭೆ ಶುರುವಾಯಿತು. ದೀಪಕ್ಕೆ ಗಾಳಿ, ಗಾಳಿಗೆ ಛತ್ರಿ, ಛತ್ರಿ ಹಿಡಿದವರಿಗೂ ಒಂದು ಹೂಗುಚ್ಛ. ಸ್ವಾಗತ ಮಾಡಿದವರು ಪ್ರಾಸ್ತಾವಿಕವನ್ನೂ ಮಾಡಿದರು. ಪ್ರಾಸ್ತಾವಿಕ ಮಾಡಬೇಕಾಗಿದ್ದವರು ಬೇಸರವಾಗಬಾರದೆಂದು ಮತ್ತೊಮ್ಮೆ ಮಾಡಿದರು. ಪುಷ್ಪಣ್ಣ ಪರದೆಯ ಸಂದಿಯಿಂದ ಪಶ್ಚಿಮಕ್ಕೆ ನೋಡುತ್ತಿದ್ದರು. ಶಾಲೆಯ ಹೆಂಚಿನ ಮೇಲೆ ಸೂರ್ಯ ಕುಂಕುಮ ಬಣ್ಣಕ್ಕೆ ತಿರುಗಿದ್ದ.

"ಪುಷ್ಪಣ್ಣ, ಈಗ್ಲೇ ಎರಡು ತಿಂದ್ಬಿಡಿ" ಎಂದೆ.

"ಈಗ ತಿಂದ್ರೆ ಆ ಸೀನು ಆಗಲ್ಲ ಅಂತ ನಾನೇ ಒಪ್ಕೊಂಡ ಹಾಗೆ ಮಾರಾಯ. ಮುಗಿಸ್ತಾರೆ, ಈಗ ಮುಗಿಸ್ತಾರೆ."

ಸೌಜನ್ಯ ಮೇಡಂ ಕೈಹೊಸಕಿಕೊಂಡು ಕೊನೆಗೆ ನಿರ್ಧಾರ ಹೇಳಿದರು: "ಕತೆ ತಲೆಕೆಳಗಾದ್ರೂ ಆಗ್ಲಿ. ಮೊದಲು ಕಡುಬಿನ ಸೀನು. ಎಲ್ಲಾ ರೆಡಿ ಇರಿ." ವಂದನಾರ್ಪಣೆ ಮುಗಿಯಿತು. ಹಾರ್ಮೋನಿಯಂ ಶ್ರುತಿ ಹಿಡಿಯಿತು. ಹೊತ್ತು ಇನ್ನೂ ಸ್ವಲ್ಪ ಉಳಿದಿತ್ತು.

ಆಗ ಜಯಪ್ಪನವರು ಮೈಕನ್ನು ಬಿಡದೆ "ಒಂದೇ ನಿಮಿಷ" ಎಂದರು. "ನಮ್ಮ ಸಂಘದ ಒಬ್ಬ ಎಲೆಮರೆಯ ಕಾಯಿಗೆ ಇವತ್ತು ಸನ್ಮಾನ ಮಾಡಲೇಬೇಕು. ಪುಷ್ಪದಂತ ಅವರು ವೇದಿಕೆಗೆ ಬರಬೇಕು."

ಕೊಂಬಿನ ಸಮೇತ ರಾಕ್ಷಸ ವೇದಿಕೆಗೆ ಹೋದ. ಶಾಲು ಕೊಂಬಿಗೆ ಸಿಕ್ಕಿಕೊಂಡಿತು. ಮಕ್ಕಳು ಕಿರುಚಿದರು. ಜಯಪ್ಪನವರಿಗೆ ಉತ್ಸಾಹ ಬಂತು.

"ಇವರ ಒಂದು ಗುಣ ಹೇಳ್ತೀನಿ. ಏನೇ ಆಗ್ಲಿ, ಹೊತ್ತು ಮುಳುಗಿದ ಮೇಲೆ ಊಟ ಮಾಡೋರಲ್ಲ. ಇಂಥ ನಿಷ್ಠೆ ಇವತ್ತಿನ ಕಾಲದಲ್ಲಿ ಎಲ್ಲಿದೆ ಹೇಳಿ? ನಮ್ಮ ಮಗಳ ಮದುವೆ ರಿಸೆಪ್ಶನ್ನಿಗೆ ಬಂದಿದ್ರು..."

ಅವರ ಮಗಳ ಮದುವೆಯಾಯಿತು, ತಮ್ಮನ ಗೃಹಪ್ರವೇಶವಾಯಿತು. ಸಂಘದ ಬೆಳ್ಳಿಹಬ್ಬದ ಊಟದಲ್ಲೂ ಪುಷ್ಪಣ್ಣ ಉಣ್ಣಲಿಲ್ಲ. ಶಾಲು ಹೊದ್ದ ರಾಕ್ಷಸ ಕೈಮುಗಿದುಕೊಂಡು, ಜಯಪ್ಪನವರ ಭುಜದ ಮೇಲಿಂದ, ಶಾಲೆಯ ಹೆಂಚಿನ ಹಿಂದೆ ಇಳಿಯುತ್ತಿದ್ದ ಸೂರ್ಯನನ್ನು ನೋಡುತ್ತ ನಿಂತಿದ್ದ. ಪುಷ್ಪಣ್ಣನ ವ್ರತವನ್ನು ಹೊಗಳಿ ಮುಗಿಸುವ ಹೊತ್ತಿಗೆ ಸೂರ್ಯ ಮುಳುಗಿದ.

ಒಳಗೆ ಬಂದ ಪುಷ್ಪಣ್ಣ ಶಾಲನ್ನು ಮಡಚಿ ಜಿನಮ್ಮನ ಕೈಗೆ ಕೊಟ್ಟರು. ಜಿನಮ್ಮ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದರು.

"ತಿಂದ ಹಾಗೆ ಮಾಡಿ, ಹೇಗೋ ದಾಟಿಸೋಣ" ಎಂದರು ಸೌಜನ್ಯ ಮೇಡಂ.

ಪುಷ್ಪಣ್ಣ ಅವರ ಕಡೆ ನೋಡಲಿಲ್ಲ. "ಪರದೆ ತೆಗೀಲಿ" ಎಂದರು ಅಷ್ಟೆ.

ನಾಟಕ ಮೊದಲಿನಿಂದಲೇ ನಡೆಯಿತು. ಇನ್ನು ಅವಸರ ಯಾವುದಕ್ಕೆ? ಕಡುಬಿನ ದೃಶ್ಯ ಬಂತು. ಸೊಸೈಟಿ ಕೌಂಟರಿನಲ್ಲಿ ಕೂರುವ ಕಾವ್ಯಾ ನಮ್ಮ ರಾಜಕುಮಾರಿ. ಅವಳು ಹಾಡುತ್ತ ಮೊದಲ ಕಡುಬನ್ನು ನೀಡಿದಳು. ಪುಷ್ಪಣ್ಣ ಕೈಗೆ ತೆಗೆದುಕೊಂಡರು. ಮೂಸಿದರು. ಹುಬ್ಬು ಎದ್ದಿತು, ಕಿವಿ ಅಲ್ಲಾಡಿತು. ಮಕ್ಕಳು ಬಾಯಿ ತೆರೆದು ಕಾದರು. ಕಡುಬು ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಹಾರ್ಮೋನಿಯಂ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸತೊಡಗಿತು.

"ಎಲೈ ಮರಿ!" ಎಂದು ಪುಷ್ಪಣ್ಣ ಗುಡುಗಿದರು. ಅದು ನಾಟಕದಲ್ಲಿ ಇರಲಿಲ್ಲ.

"ಹೌದು ಒಡೆಯಾ" ಎಂದೆ. ಜೀವನದಲ್ಲಿ ಮೊದಲ ಸಲ ಸರಿಯಾದ ಜಾಗದಲ್ಲಿ ಬಂತು.

"ಮನುಷ್ಯರನ್ನು ನಂಬಬಾರದು. ಇದರಲ್ಲಿ ವಿಷ ಇರಬಹುದು. ನೀನು ತಿಂದು ನೋಡು."

ಹೇಳಿದವರೇ ನನ್ನ ಬಾಯಿಗೆ ತುರುಕಿದರು. ನಾನು ನುಂಗಿ ಸಾಯದೆ ನಿಂತೆ. ಕಾವ್ಯಾ ಜಾಣೆ, ಮುಂದಿನ ಸಾಲನ್ನು ಎತ್ತಿ ಇನ್ನೊಂದು ಕಡುಬು ಕೊಟ್ಟಳು.

"ಒಂದರಲ್ಲಿ ಇಲ್ಲ ಅಂದ್ರೆ ಇನ್ನೊಂದರಲ್ಲಿ ಇದ್ದೀತು. ತಿನ್ನು!"

ಮೂರನೆಯದಕ್ಕೆ ಮಕ್ಕಳೇ "ತಿನ್ನು! ತಿನ್ನು!" ಎಂದರು. ಹಾಡು ತಾಳ ಹಿಡಿಯಿತು. ಒಂದೊಂದು ಕಡುಬನ್ನೂ ಪುಷ್ಪಣ್ಣ ಮೂಸಿ, ಕಣ್ಣು ಮುಚ್ಚಿ, ನಾಲಿಗೆ ಸವರಿ, ಕೊನೆಗೆ ಹೊಟ್ಟೆಕಿಚ್ಚಿನಿಂದ ನನ್ನ ಬಾಯಿಗೆ ಹಾಕುತ್ತಿದ್ದರು. ಆಗ ಅವರ ಹೊಟ್ಟೆ ಗುರುಗುಟ್ಟಿತು. ಕಾಲರ್ ಮೈಕಿನಲ್ಲಿ ಅದು ಹೊಳೆಯಾಚೆಗೂ ಕೇಳಿಸುವಷ್ಟು ದೊಡ್ಡದಾಗಿ ಹೊರಟಿತು. ಮಕ್ಕಳು ನೆಲಕ್ಕೆ ಬಿದ್ದು ನಕ್ಕರು. ಅದೂ ನಟನೆಯೆಂದು ಅವರಿಗೆ. ನಾನು ಮಾತ್ರ ಆ ಹೊಟ್ಟೆಗೆ ಆತುಕೊಂಡೇ ನಿಂತಿದ್ದೆ. ಬೆಳಗಿನ ತಿಂಡಿಯ ಮೇಲೆ ಏನೂ ಬೀಳದ ಹೊಟ್ಟೆ. ಅದರ ಊಟವನ್ನೆಲ್ಲ ನಾನು ತಿನ್ನುತ್ತಿದ್ದೆ. ಬೇಡ ಅನ್ನಲು ಬಾಯಿ ಖಾಲಿ ಇರಲಿಲ್ಲ.

ಕೊನೆಗೆ ಅವರು ಬುಟ್ಟಿಯೊಳಗೆ ತಲೆ ಹಾಕಿ ನೋಡಿದರು.

"ವಿಷ ಇಲ್ಲ" ಎಂದರು. ತಡೆದು, ಬಹಳ ದುಃಖದಿಂದ, "ಕಡುಬೂ ಇಲ್ಲ."

ಆ ನಗು ನಿಲ್ಲುವ ಹೊತ್ತಿಗೆ ನನ್ನ ಕಾಲು ನಿಲ್ಲಲಿಲ್ಲ. ನಾನು ಹಾಗೇ ರಾಕ್ಷಸನ ಮಡಿಲಿಗೆ ಕುಸಿದೆ. ಅವರು ಏಳಲು ನೋಡಿದರು, ಆಗಲಿಲ್ಲ. ನನ್ನ ತೂಕದ ಜೊತೆ ಬುಟ್ಟಿಯ ತೂಕವೂ ಸೇರಿತ್ತಲ್ಲ. "ಎಲೈ! ಹಿಡೀರಿ! ಏಳೋ ಮರಿ!" ಎಂದು ಅವರು ಕೂಗುತ್ತಿರುವಾಗಲೇ ಕಾವ್ಯಾ ತಮ್ಮನನ್ನು ಎಳೆದುಕೊಂಡು ನಡೆದಳು. ಕತೆ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಹೋಯಿತು.

ನೇಪಥ್ಯದಲ್ಲಿ ಜಯಪ್ಪನವರು ಬಂದು "ನೋಡಿದ್ರಾ, ಸಭೆ ಚೆನ್ನಾಗಿ ಆದ್ರೆ ನಾಟಕನೂ ಚೆನ್ನಾಗಿ ಆಗತ್ತೆ" ಎಂದರು. ಸೌಜನ್ಯ ಮೇಡಂ ಪುಷ್ಪಣ್ಣನ ಎದುರು ಕುಕ್ಕರಗಾಲಿನಲ್ಲಿ ಕೂತು, ಮೀಸೆಯ ಅಂಟು ಬಿಡಿಸುತ್ತ ಹೇಳಿದರು:

"ಸಾಗರದಲ್ಲಿ ಎಂಟು ಗಂಟೆಗೆ."

"ಹೌದು, ಜಟ್ಟಿಂಗಪ್ಪನವರಿಗೆ ಹೇಳಿದ್ದೀರಲ್ಲ."

"ನಮ್ಮ ರಾಕ್ಷಸ ಇನ್ಮೇಲೆ ತಿನ್ನೋದೇ ಇಲ್ಲ ಪುಷ್ಪಣ್ಣ. ಎಂಟಾದ್ರೇನು, ಹತ್ತಾದ್ರೇನು? ಸಾಗರ ನಿಮ್ದೇ. ತೀರ್ಥಹಳ್ಳಿನೂ ನಿಮ್ದೇ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕೋರೆಹಲ್ಲು ತೆಗೆದು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. "ಜಟ್ಟಿಂಗಪ್ಪನವರಿಗೆ ಬೇಜಾರಾಗತ್ತೆ" ಎಂದರು. ಫೋನ್ ಮಾಡಿ ಕೇಳಿದಾಗ ಜಟ್ಟಿಂಗಪ್ಪನವರು ಮೂರು ಸಲ ದೇವರ ಹೆಸರು ಹೇಳಿದರಂತೆ. ಅವರಿಗೆ ಹಾಡೆಂದರೆ ಜ್ವರ ಬರುತ್ತಿತ್ತಂತೆ. ಪರದೆ ಬೇಕಾದರೆ ಎಳೆಯುತ್ತೇನೆ ಎಂದರಂತೆ.

ಸೋಮವಾರ ಬೆಳಿಗ್ಗೆ ಪಾರ್ಸೆಲ್ ಚೀಲ ಹೊತ್ತು, ಹೊಟ್ಟೆ ಹಿಡಿದುಕೊಂಡು ಅವರ ಮನೆಯ ಮುಂದೆ ಹಾದೆ. ಎಳೆಬಿಸಿಲು ಆಗಷ್ಟೇ ಜಗುಲಿಗೆ ಬಿದ್ದಿತ್ತು. ಪುಷ್ಪಣ್ಣ ತಟ್ಟೆಯ ಮುಂದೆ ಕೂತಿದ್ದರು. ಒಂದು ಹಗಲು, ಒಂದು ರಾತ್ರಿಯ ಹಸಿವು ಹುಬ್ಬು ಕಿವಿ ಭುಜಗಳಲ್ಲೆಲ್ಲ ಕುಣಿಯುತ್ತಿತ್ತು. ಬಾಯಿ ತುಂಬಿದ್ದರಿಂದ ಕೈಯಲ್ಲೇ ಬಾ ಎಂದರು.

ನಾನು ಕೂತೆ. ಜಿನಮ್ಮ ಒಳಗಿನಿಂದ ಇನ್ನೊಂದು ತಟ್ಟೆ ತಂದು ನನ್ನ ಮುಂದಿಟ್ಟರು. ಹಬೆಯಾಡುವ ಕಡುಬು.

"ಅಕ್ಕಾ, ಬೇಡ, ನಿನ್ನೆದೇ ಇನ್ನೂ ಇಲ್ಲೇ ಇದೆ" ಎಂದು ಗಂಟಲು ತೋರಿಸಿ ಕೈಮುಗಿದೆ.

ಪುಷ್ಪಣ್ಣ ತುತ್ತು ನುಂಗಿ, ಸಾವಕಾಶವಾಗಿ ತುಟಿ ಒರೆಸಿಕೊಂಡರು.

"ತಿನ್ನು ಮಾರಾಯ. ನಿನ್ನೆ ಕೊನೇಲಿ ನಿನ್ನ ವೇಗ ಕಮ್ಮಿ ಆಯ್ತು. ಸಾಗರದ ಮಕ್ಕಳು ನಮ್ಮೂರಿನವರ ಹಾಗೆ ಸುಮ್ನೆ ಬಿಡೋವಲ್ಲ."