ದ್ಯಾಮವ್ವನ ಫೋಟೋ

ಇಂಥ ಸಂಗತಿಗಳನ್ನು ಹೇಳುವವರ ಎದುರು ಕುಳಿತು ನಗುತ್ತಿದ್ದವಳು ನಾನು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಆಗ ನನಗೆ ಕೆಲಸ. ಯಂತ್ರದಿಂದ ಹೊರಬಂದ ಬಿಡಿಭಾಗಗಳನ್ನು ಅಳತೆಗೆ ಹಿಡಿದು, ಸರಿಯಿದ್ದದ್ದನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ಇಡುವುದು. ಊಟದ ಹೊತ್ತಿನಲ್ಲಿ ಯಾರಾದರೂ ದೆವ್ವದ ಮಾತೋ, ಕನಸಿನಲ್ಲಿ ಕಂಡದ್ದು ಮಾರನೆಯ ದಿನ ನಡೆದ ಮಾತೋ ತೆಗೆದರೆ, ನಾನು ನಡುವೆ ಬಾಯಿ ಹಾಕಿ ಅದಕ್ಕೊಂದು ಕಾರಣ ಹುಡುಕಿ ಕೊಡುತ್ತಿದ್ದೆ. ಆದ್ದರಿಂದ ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ಬೇಸರ ಮಾಡಿಕೊಳ್ಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಮತ್ತು ನನ್ನ ಗಂಡ ಕುಂದಲಹಳ್ಳಿಯಲ್ಲಿ ರಾಮಯ್ಯನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ರಾಮಯ್ಯನವರದು ಅಲ್ಲಿಯದೇ ಹಳೆಯ ಒಕ್ಕಲು ಮನೆತನ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಶೀಟಿನ ಕೋಣೆಗಳನ್ನು ಕಟ್ಟಿಸಿ ಕಟ್ಟಡ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲೊಂದರಲ್ಲಿ ರಾಯಚೂರು ಕಡೆಯ ಗಾರೆ ಕೆಲಸದ ಬಸವರಾಜ, ಅವನ ತಂಗಿ ದ್ಯಾಮವ್ವ ಇದ್ದರು. ದ್ಯಾಮವ್ವನಿಗೆ ಮೂವತ್ತರ ಆಸುಪಾಸು. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಬಾರದು. ಅಣ್ಣನ ಜೊತೆ ಕೆಲಸಕ್ಕೆ ಹೋಗಿ, ಅಣ್ಣನ ಜೊತೆಯೇ ಬರುತ್ತಿದ್ದಳು.

ಆ ವರ್ಷ ನಾವು ಒಂದು ಡಿಜಿಟಲ್ ಕ್ಯಾಮೆರಾ ಕೊಂಡಿದ್ದೆವು. ಫೋನಿನಲ್ಲಿ ಕ್ಯಾಮೆರಾ ಇದ್ದವರು ಆಗಿನ್ನೂ ಕಡಿಮೆ. ಕ್ಯಾಮೆರಾದ ಜೊತೆ ಬಂದ ಕೇಬಲ್ಲಿನ ಪಿನ್ನು ಬೇಗನೆ ಬಗ್ಗಿಹೋಯಿತು. ಅದಕ್ಕೆ ನನ್ನ ಗಂಡ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಕಾರ್ಡ್ ರೀಡರ್ ತಂದರು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅದರ ಬಾಯಿಗೆ ತುರುಕಿ, ರೀಡರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಫೋಟೋಗಳು ಇಳಿಯುತ್ತಿದ್ದವು. ಕಾರ್ಡು ಪೂರ್ತಿ ಒಳಗೆ ಹೋಗಿಬಿಡುತ್ತಿತ್ತು. ಒಳಗೆ ಇದೆಯೋ ಇಲ್ಲವೋ ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಕಾರ್ಡು ನಮ್ಮಲ್ಲಿ ಇದ್ದದ್ದು ಅದೊಂದೇ.

ಅವರೆಕಾಯಿಯ ಕಾಲ. ಒಂದು ಭಾನುವಾರ ರಾಮಯ್ಯನವರ ಅಂಗಳದಲ್ಲಿ ಹೆಂಗಸರೆಲ್ಲ ಸುತ್ತ ಕುಳಿತು ಕಾಯಿ ಬಿಡಿಸುತ್ತಿದ್ದರು. ನಾನು ಸುಮ್ಮನೆ ಎಲ್ಲರ ಫೋಟೋ ತೆಗೆದೆ. ದ್ಯಾಮವ್ವ ಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ತಾನಾಗಿಯೇ ನೆಟ್ಟಗೆ ಕುಳಿತು ಕ್ಯಾಮೆರಾವನ್ನೇ ನೋಡಿದಳು. ಅವಳದೊಂದು ಹತ್ತಿರದಿಂದ ತೆಗೆದೆ. ಸಂಜೆ ಫೋಟೋಗಳನ್ನು ಕಂಪ್ಯೂಟರಿಗೆ ಹಾಕೋಣವೆಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಬೀದಿಗೆ ಕರೆಂಟಿಲ್ಲ. ಅದು ಬಂದದ್ದು ಸೋಮವಾರ ಬೆಳಿಗ್ಗೆ.

ಆ ವಾರ ನನಗೆ ಎರಡನೆಯ ಶಿಫ್ಟ್, ಮಧ್ಯಾಹ್ನ ಹೋದರೆ ಸಾಕು. ಸೋಮವಾರ ಎದ್ದವಳೇ ಹಿಂದಿನ ದಿನದ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿದೆ. ಗಂಡ ಕೆಲಸಕ್ಕೆ ಹೊರಟುಹೋದರು. ತಿಂಡಿ ಮುಗಿಸುವ ಹೊತ್ತಿಗೆ ಬಸವರಾಜ ಮೆಟ್ಟಿಲ ಬಳಿ ಬಂದು ನಿಂತಿದ್ದ. ಹಿಂದಿನ ರಾತ್ರಿಯಿಂದ ಅವನಿಗೆ ಜ್ವರ. ಕೆಲಸಕ್ಕೆ ಹೋಗದೆ ಮಲಗಿದ್ದನಂತೆ. ಎಚ್ಚರವಾದಾಗ ತಂಗಿ ಇಲ್ಲ.

"ಅಕ್ಕಾರ, ದ್ಯಾಮಿ ಇಲ್ಲಿ ಬಂದಾಳೇನ್ರಿ? ಎಲ್ಲೂ ಕಾಣವಲ್ಲಳ್ರಿ," ಎಂದ.

ಬಂದಿರಲಿಲ್ಲ. ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ಕೆರೆಯ ಕಡೆ, ಅವರು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ, ಎಲ್ಲ ಕಡೆ ನೋಡಿ ಆಯಿತು. ಕೂಲಿಯವರನ್ನು ತುಂಬಿಕೊಂಡು ಹೋಗುವ ಟೆಂಪೋಗಳು ನಿಲ್ಲುವ ಸರ್ಕಲ್ಲಿನಲ್ಲೂ ರಾಮಯ್ಯನವರು ವಿಚಾರಿಸಿದರು. ಕೆಂಪು ಸೀರೆ, ಮೇಲೊಂದು ಗಂಡಸರ ಅಂಗಿ ಎಂದರೆ ಅಲ್ಲಿ ಟೆಂಪೋ ಹತ್ತುವ ಹೆಂಗಸರಲ್ಲಿ ಅರ್ಧ ಜನ ಹಾಗೆಯೇ ಇರುತ್ತಿದ್ದರು. ಡ್ರೈವರುಗಳೆಲ್ಲ ಕಂಡಿಲ್ಲವೆಂದು ತಲೆ ಆಡಿಸಿಬಿಟ್ಟರು. ಠಾಣೆಯಲ್ಲಿ ದೂರು ಬರೆದುಕೊಂಡವರು ಸಮಾಧಾನವಾಗಿಯೇ ಮಾತಾಡಿದರು. ಆದರೆ, "ಒಂದು ಫೋಟೋ ತಂದ್ಕೊಡಿ. ಮಾತು ಬರದೇ ಇರೋರನ್ನ ಹೆಸರು ಕೂಗ್ಕೊಂಡು ಹುಡುಕಕ್ಕಾಗಲ್ಲ ಕಣ್ರೀ," ಎಂದರು.

ಬಸವರಾಜನ ಬಳಿ ತಂಗಿಯ ಫೋಟೋ ಒಂದೂ ಇರಲಿಲ್ಲ. ಅವನು ನಮ್ಮ ಅಂಗಳದಲ್ಲಿ ಕುಳಿತುಬಿಟ್ಟ. ದಾರಿ ತಪ್ಪಿದರೆ ಅವಳು ಯಾರನ್ನು ಏನೆಂದು ಕೇಳಿಯಾಳು? ಹಿಂದಿನಿಂದ ಲಾರಿ ಬಂದರೂ ಅವಳಿಗೆ ಕೇಳಿಸುವುದಿಲ್ಲ. ಯಾರಾದರೂ ಕೈಹಿಡಿದು ಎಳೆದರೆ ಕೂಗಲೂ ಆಗುವುದಿಲ್ಲ.

ರಾಮಯ್ಯನವರಿಗೇ ಮೊದಲು ನೆನಪಾದದ್ದು. "ಏನಮ್ಮಾ, ನೆನ್ನೆ ಎಲ್ಲಾರ್ದೂ ಪೋಟೋ ಇಡ್ದೆಯಲ್ಲ, ಅದ್ರಾಗೆ ಆ ಎಣ್ಮಗ್ಳು ಇರ್ಬೇಕಲ್ವಾ?"

ನಾನು ಮಹಡಿಗೆ ಓಡಿದೆ. ಅವರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಮೇಜಿನ ಖಾನೆಯಿಂದ ರೀಡರನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದೆ. ಕಾರ್ಡು ಅದರೊಳಗೇ ಇದೆ ಎಂದುಕೊಂಡಿದ್ದೆ. ಫೋಟೋ ತೆಗೆದ ಮೇಲೆ ನಾವು ಅದನ್ನು ಅಲ್ಲಿಗೇ ಹಾಕಿಡುತ್ತಿದ್ದೆವು. ರೀಡರಿನ ಹಸಿರು ದೀಪ ಮಿಣುಕಿತು. "ಅದ್ಯಾಕಮ್ಮ ಅಂಗೆ ಮಿಣುಕ್ತೈತೆ, ಕೆಟ್ಟೋಯ್ತಾ?" ಎಂದು ರಾಮಯ್ಯನವರು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಫೋಟೋ ಓದುತ್ತಿದೆ ಎಂದೆ. ಪರದೆಯ ಮೇಲೆ ಭಾನುವಾರದ ಚಿತ್ರಗಳು ಸಣ್ಣಸಣ್ಣದಾಗಿ ಮೂಡಿದವು. ಅವರೆಕಾಯಿಯ ರಾಶಿ, ಹೆಂಗಸರು, ಕೊನೆಯ ಸಾಲಿನಲ್ಲಿ ದ್ಯಾಮವ್ವ. ಅವಸರದಲ್ಲಿ ಅವಳ ಫೋಟೋ ಒಂದನ್ನೇ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಪೆನ್‌ಡ್ರೈವಿಗೆ ಹಾಕಿಕೊಂಡು, ಮುಖ್ಯರಸ್ತೆಯ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿದೆವು.

ಒಂದು ಪ್ರಿಂಟನ್ನು ಠಾಣೆಗೆ ಕೊಟ್ಟು, ಇನ್ನೊಂದನ್ನು ಹಿಡಿದು ರಾಮಯ್ಯನವರು ಮತ್ತೆ ಸರ್ಕಲ್ಲಿಗೆ ಹೋದರು. ಬೆಳಿಗ್ಗೆ ಇಲ್ಲ ಎಂದಿದ್ದ ಡ್ರೈವರೊಬ್ಬ ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿದ. ದ್ಯಾಮವ್ವನ ಹಣೆಯಲ್ಲೂ ಗಲ್ಲದಲ್ಲೂ ಹಸಿರು ಹಚ್ಚೆಯಿತ್ತು. ಬೆಳಿಗ್ಗೆ ಅವಳ ಗುರುತು ಹೇಳುವಾಗ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

"ಈ ಯಮ್ಮನಾ? ನಮ್ ಗಾಡೀಲೇ ಬಂದ್ರಲ್ಲ ಸಾರ್. ಅತ್ತಿಬೆಲೆ ಸೈಟಿಗೆ ಕೂಲಿಯೋರ ಜೊತೆ ಹತ್ತಿದ್ರು. ಅವ್ರಲ್ಲೇ ಒಬ್ರು ಅನ್ಕೊಂಡೆ," ಎಂದ.

ಮಲಗಿದ್ದ ಅಣ್ಣ ಎದ್ದು ಹಿಂದೆಯೇ ಬರುತ್ತಾನೆ ಎಂದುಕೊಂಡು ಅಭ್ಯಾಸದ ಮೇಲೆ ಸರ್ಕಲ್ಲಿಗೆ ಬಂದು ಬೇರೆ ಗಾಡಿ ಹತ್ತಿದ್ದಳೋ ಏನೋ. ಆ ಡ್ರೈವರ್ ಒಳ್ಳೆಯವನು. ರಾಮಯ್ಯನವರನ್ನೂ ಬಸವರಾಜನನ್ನೂ ತನ್ನ ಟೆಂಪೋದಲ್ಲೇ ಕೂರಿಸಿಕೊಂಡು ಅತ್ತಿಬೆಲೆಗೆ ಹೊರಟ. ನಾನು ಶಿಫ್ಟಿಗೆ ಹೋಗಲಿಲ್ಲ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಅಲ್ಲಿಂದ ಮುಂದೆ ಯಾವುದಾದರೂ ಬಸ್ಸು ಹತ್ತಿಬಿಟ್ಟಿದ್ದರೆ ಎಂದು ಒಂದೇ ಯೋಚನೆ. ಒಲೆಯ ಮೇಲೆ ಅನ್ನ ಸೀದುಹೋದದ್ದೂ ತಿಳಿಯಲಿಲ್ಲ.

ಹೊತ್ತು ಇಳಿಯುವಾಗ ರಾಮಯ್ಯನವರ ಫೋನ್ ಬಂತು. "ಸಿಕ್ಲು ಕಣಮ್ಮಾ. ಊಟಾನೂ ಮಾಡವ್ಳೆ."

ನನಗೆ ಅಳು ಬಂತು, ಆಮೇಲೆ ನಗು ಬಂತು. ಅಣ್ಣ ಇಲ್ಲದ್ದು ಕಂಡು ಅವಳು ಸೈಟಿನಿಂದ ಹೊರಗೆ ಬಂದು ರಸ್ತೆಯಲ್ಲಿ ಅಲೆಯುತ್ತಿದ್ದಾಗ, ಹೂವು ಮಾರುವ ಹೆಂಗಸೊಬ್ಬಳು ಕೈಹಿಡಿದು ತನ್ನ ಪಕ್ಕ ಕೂರಿಸಿಕೊಂಡಿದ್ದಳಂತೆ. ಇವರು ಹೋದಾಗ ದ್ಯಾಮವ್ವ ಅವಳ ಬುಟ್ಟಿಯ ಹೂವು ಕಟ್ಟುತ್ತಿದ್ದಳಂತೆ. ಸಂಜೆ ಟೆಂಪೋದಿಂದ ಇಳಿದಾಗ ಮುಡಿಯಲ್ಲಿ ಕನಕಾಂಬರವಿತ್ತು. ನಾವೆಲ್ಲ ಯಾಕೆ ಹೀಗೆ ಸುತ್ತುವರಿದು ಮುಟ್ಟಿ ಮುಟ್ಟಿ ನೋಡುತ್ತಿದ್ದೇವೆ ಎಂದು ಅವಳಿಗೆ ಆಶ್ಚರ್ಯ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ, ಹಿಂದಿನ ದಿನ ನೆನೆಸಿ ಮರೆತೇಹೋಗಿದ್ದ ಬಟ್ಟೆಗಳನ್ನು ಒಗೆಯಲು ಕುಳಿತೆ. ಗಂಡನ ಅಂಗಿಯನ್ನು ಕಲ್ಲಿಗೆ ಹಾಕಿ ಉಜ್ಜುವಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ತೆಗೆದು ನೋಡಿದರೆ ನಮ್ಮ ಮೆಮೊರಿ ಕಾರ್ಡು. ಗುರುತಿಗೆ ನಾನೇ ಹಚ್ಚಿದ್ದ ಉಗುರುಬಣ್ಣದ ಚುಕ್ಕೆಯೂ ಇತ್ತು.

ಗಂಡನನ್ನು ಕೇಳಿದೆ. "ಹೂಂ, ಭಾನುವಾರ ಸಂಜೆ ಕರೆಂಟಿರ್ಲಿಲ್ವಲ್ಲ, ಸ್ಟುಡಿಯೋದಲ್ಲಿ ಪ್ರಿಂಟ್ ಹಾಕ್ಸೋಣ ಅಂತ ಜೇಬಿಗೆ ಹಾಕ್ಕೊಂಡೆ. ಬಾಗ್ಲು ಹಾಕಿತ್ತು. ಆಮೇಲೆ ಮರ್ತೇಬಿಟ್ಟೆ," ಎಂದರು.

ಅಂದರೆ ನಾನು ಫೋಟೋ ಇಳಿಸುವ ಹೊತ್ತಿಗೆ ಕಾರ್ಡು ಬಕೆಟ್ಟಿನ ಸೋಪುನೀರಿನಲ್ಲಿತ್ತು. ರೀಡರ್ ಖಾಲಿಯಿತ್ತು. ಓಡಿಹೋಗಿ ಅದನ್ನು ಖಾಲಿಯಾಗಿಯೇ ಸಿಕ್ಕಿಸಿ ನೋಡಿದೆ. ದೀಪ ಹತ್ತಲಿಲ್ಲ, ಡಿಸ್ಕ್ ಹಾಕಿ ಎಂದು ಕಂಪ್ಯೂಟರ್ ಕೇಳಿತು. ಕಾರ್ಡನ್ನು ಒಣಗಿಸಿ ಹಾಕಿ ನೋಡಿದೆವು. ಅದು ಸತ್ತುಹೋಗಿತ್ತು. ಉಳಿದ ಫೋಟೋಗಳೆಲ್ಲ ಅದರ ಜೊತೆಗೇ ಹೋದವು. ದ್ಯಾಮವ್ವನ ಆ ಒಂದು ಫೋಟೋ ಮಾತ್ರ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು.

ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಗೆಳತಿಯೊಬ್ಬಳನ್ನು ಮನೆಗೆ ಕರೆದು ತೋರಿಸಿದೆ. ಭಾನುವಾರವೇ ಇಳಿಸಿ ಮರೆತಿರಬೇಕು ಎಂದಳು. ಭಾನುವಾರ ಕರೆಂಟೇ ಇರಲಿಲ್ಲ. ಬೇರೆ ಕಾರ್ಡಿರಬೇಕು ಎಂದಳು. ಬೇರೆ ಕಾರ್ಡೇ ಇರಲಿಲ್ಲ. ಫೋಟೋ ಕಂಪ್ಯೂಟರಿಗೆ ಬಂದದ್ದು ಸೋಮವಾರವೇ ಎಂದು ತಾನೇ ನೋಡಿ ಹೇಳಿ, ಕಾಫಿ ಕುಡಿದು, ಮಾತು ಬದಲಿಸಿದಳು. ರಾಮಯ್ಯನವರನ್ನು ಕೇಳಿದರೆ, ದೀಪ ಮಿಣುಕಿದ್ದನ್ನು ತಾವೂ ಕಂಡದ್ದು ಹೌದು ಎಂದರು. ಅಷ್ಟರ ಮೇಲೆ ಅವರಿಗೇನೂ ತಿಳಿಯದು. ನನಗೂ ತಿಳಿಯದು. ಎಷ್ಟೋ ವರ್ಷಗಳಾದವು, ಯಾವ ಕಾರಣ ಹುಡುಕಿದರೂ ಒಂದು ಕಡೆ ಜಾರುತ್ತದೆ. ಆದರೆ ಹೆದರಿಕೆಯೆಂದೂ ಆಗಿಲ್ಲ. ನೆನೆದಾಗಲೆಲ್ಲ ಮೊದಲು ಬರುವುದು ಆ ಫೋನ್ ಬಂದಾಗಿನ ನೆಮ್ಮದಿಯೇ.

ಬಸವರಾಜನಿಗೂ ಒಂದು ದಿನ ಎಲ್ಲವನ್ನೂ ಹೇಳಿದೆ. ಅವನು ಗಮನವಿಟ್ಟು ಕೇಳಿದ.

"ಹ್ಯಾಂಗ ಬಂತೋ ಏನೋ ಬಿಡ್ರಿ ಅಕ್ಕಾರ. ಬಂತಲ್ರಿ," ಎಂದ.

ಆಮೇಲೆ ತಂಗಿಯನ್ನು ಊಟಕ್ಕೆ ಕರೆಯಲು ಎದ್ದು ಹೋದ. ಕೂಗಿದರೆ ಅವಳಿಗೆ ಕೇಳುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಬೇಕು.