ಗುಳಿಗೆ ನಿಲ್ಲದಿರಲಿ ಅಂತ

ಐದು ವರ್ಷದಿಂದ ನಮ್ಮ ಕ್ಲಿನಿಕ್ಕಿನ ಔಷಧಿಗೆ ದುಡ್ಡು ಕೊಡುತ್ತಿದ್ದ ಕಂಪನಿ ಒಂದು ಸೋಮವಾರ ಬೆಳಿಗ್ಗೆ ಮೂರು ಸಾಲಿನ ಮೇಲ್ ಕಳಿಸಿತು. ಮುಂದಿನ ವರ್ಷದಿಂದ ಅವರು ಶಾಲೆಗಳಿಗೆ ನೆರವು ಕೊಡುತ್ತಾರಂತೆ, ನಮ್ಮ ಕೆಲಸಕ್ಕೆ ಶುಭವಾಗಲಿ ಅಂತ ಬರೆದಿದ್ದರು. ಡಾಕ್ಟರ್ ಆಗ ಒಬ್ಬ ರೋಗಿಯ ಕಣ್ಣಿಗೆ ಟಾರ್ಚ್ ಹಿಡಿದು ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತೇ ಓದಿ ಹೇಳಿದೆ. ಅವರು ಟಾರ್ಚ್ ಆರಿಸಿ, "ಬೇರೆಯವರನ್ನು ಹುಡುಕು" ಅಂತ ಮರಾಠಿಯಲ್ಲಿ ಹೇಳಿ ಮತ್ತೆ ರೋಗಿಯ ಕಡೆ ತಿರುಗಿದರು.

ಪುಣೆಯ ಹಡಪಸರದ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಕ್ಲಿನಿಕ್ಕು ನಮ್ಮದು. ಅಲ್ಲಿ ಮೂರ್ಛೆರೋಗಕ್ಕೆ ಮಾತ್ರ ಔಷಧಿ ಕೊಡುತ್ತಿದ್ದೆವು, ಪುಕ್ಕಟೆಯಾಗಿ. ಡಾಕ್ಟರ್ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸು, ಎಪ್ಪತ್ತಕ್ಕೆ ಹತ್ತಿರದ ವಯಸ್ಸು. ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನನ್ನೂರು ತುಮಕೂರಿನ ಹತ್ತಿರ. ಕನ್ನಡವೂ ಬರುತ್ತೆ, ಕಂಪನಿಗಳ ಇಂಗ್ಲಿಷೂ ಬರುತ್ತೆ ಅಂತ ನನ್ನನ್ನು ತೆಗೆದುಕೊಂಡಿದ್ದರು. ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂಬ ಕಾನೂನಿದೆಯಲ್ಲ, ಆ ಪಾಲು ನಮ್ಮ ಕಡೆ ಬರುವ ಹಾಗೆ ಮಾಡುವುದು ನನ್ನ ಕೆಲಸ.

ಆ ಮೇಲ್ ಓದಿ ನನಗಾದ ಭಯ ಕೆಲಸ ಹೋಗುತ್ತದೆ ಅನ್ನುವುದಲ್ಲ. ಈ ರೋಗದ ಗುಳಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಒಂದರ ಹಿಂದೆ ಒಂದು ಬಂದು ನಿಲ್ಲದೆಯೂ ಹೋಗಬಹುದು. ಕ್ಲಿನಿಕ್ಕಿನ ಕರಪತ್ರದಲ್ಲಿ ಇದನ್ನು ಕನ್ನಡದಲ್ಲಿ ಬರೆದವಳು ನಾನೇ. ನನಗೆ ಅದು ಬರೀ ಕರಪತ್ರದ ಮಾತಾಗಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ನನಗೂ ಫಿಟ್ಸ್ ಇತ್ತು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ.

ಮೊದಲ ಸಲ ಬಿದ್ದಾಗಲೇ ಅಮ್ಮ, "ಯಾರ ಹತ್ರಾನೂ ಬಾಯಿ ಬಿಡಬೇಡ" ಅಂದಿದ್ದಳು. ಪುಣೆಗೆ ಬಂದು ಸೇರಿದ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿನಲ್ಲಿ ಒಂದು ಸಲ ತಟ್ಟೆ ಹಿಡಿದುಕೊಂಡೇ ಬಿದ್ದೆ. ಎದ್ದ ಮೇಲೆ ಪಕ್ಕದ ಟೇಬಲ್ಲಿನವರು ನೋಡಿದ ರೀತಿಯನ್ನು ತಡೆಯಲಾಗದೆ ಮರುವಾರ ರಾಜೀನಾಮೆ ಕೊಟ್ಟೆ. ಆಮೇಲೆ ಊರಿನ ಇನ್ನೊಂದು ಕಡೆ, ಕ್ಯಾಂಪ್ ಬಡಾವಣೆಯ ಒಬ್ಬ ಡಾಕ್ಟರ ಹತ್ತಿರ ಗುಟ್ಟಾಗಿ ಔಷಧಿ ತೆಗೆದುಕೊಳ್ಳುತ್ತಿದ್ದೆ. ಗುಳಿಗೆಗಳನ್ನು ವಿಟಮಿನ್ ಡಬ್ಬಿಯೊಳಗೆ ಹಾಕಿಡುತ್ತಿದ್ದೆ. ಮನೆಯಿದ್ದ ಕೋಥರೂಡಿನಿಂದ ದಿನಾ ಸ್ಕೂಟರಿನಲ್ಲೇ ಕೆಲಸಕ್ಕೆ ಬರುತ್ತಿದ್ದೆ. ಫಿಟ್ಸ್ ಇರುವವರು ಗಾಡಿ ಓಡಿಸಬಾರದು ಅಂತ ಕರಪತ್ರದಲ್ಲಿ ಬರೆದವಳೂ ನಾನೇ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಗ ನಾಚಿಕೆಗಿಂತ ಭಯವೇ ದೊಡ್ಡದಿತ್ತು. ಸ್ಕೂಟರ್ ಬಿಟ್ಟರೆ ಯಾಕೆ ಅಂತ ಯಾರಾದರೂ ಕೇಳುತ್ತಾರೆ ಅನ್ನುವ ಭಯ.

ಮೂರು ತಿಂಗಳಿಗೆ ಸಾಕಾಗುವಷ್ಟು ಔಷಧಿ ಕಪಾಟಿನಲ್ಲಿತ್ತು. ನಾನು ಕಂಪನಿಗಳಿಗೆ ಅಲೆಯಲು ಶುರುಮಾಡಿದೆ. ಒಂದು ಕಡೆ, ನಾವು ಕ್ಯಾನ್ಸರಿಗೆ ಮಾತ್ರ ಕೊಡೋದು ಅಂದರು. ಇನ್ನೊಂದು ಕಡೆ ಒಬ್ಬ ಹುಡುಗಿ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, "ಇದು ಮೆಂಟಲ್ ಪ್ರಾಬ್ಲಮ್ ಅಲ್ವಾ ಮೇಡಮ್?" ಅಂದಳು. ಮತ್ತೊಬ್ಬರಿಗೆ ಚಿಕಿತ್ಸೆಗೆ ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಅಂತ ಫೋಟೋ ಬೇಕಿತ್ತು. ಫಿಟ್ಸ್ ಬಂದು ಹೋದ ಮನುಷ್ಯ ನೋಡಲು ಎಲ್ಲರ ಹಾಗೇ ಇರುತ್ತಾನೆ, ಫೋಟೋದಲ್ಲಿ ಏನೂ ಕಾಣುವುದಿಲ್ಲ ಅಂದೆ. "ಹಾಗಾದ್ರೆ ಬೋರ್ಡಿಗೆ ಏನು ತೋರಿಸೋದು?" ಅಂದರು. ಕಪಾಟಿನ ಕೆಳಗಿನ ಸಾಲು ಖಾಲಿಯಾಯಿತು. ನಾನು ಆ ಕಪಾಟಿನ ಕಡೆ ನೋಡುವುದನ್ನೇ ಬಿಟ್ಟೆ.

ಕೊನೆಗೆ ಹಡಪಸರದಲ್ಲೇ ಇದ್ದ ಒಂದು ಕಂಪನಿ ಆಸಕ್ತಿ ತೋರಿಸಿತು. ಅಲ್ಲಿ ನೆರವಿನ ದುಡ್ಡು ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥರು ಫೋನಿನಲ್ಲಿ ಮರ್ಯಾದೆಯಿಂದ ಮಾತಾಡಿದರು. ಒಂದೇ ಒಂದು ಕೇಳಿದರು. "ನಿಮ್ಮ ರೋಗಿಯೊಬ್ಬರನ್ನು ಕರೆತನ್ನಿ. ಅವರ ಬಾಯಿಂದಲೇ ಕೇಳಿದರೆ ಕಮಿಟಿಯವರಿಗೆ ಮನಸ್ಸು ಕರಗುತ್ತೆ."

ನಾನು ಯಾರನ್ನು ಕರೆದೊಯ್ಯಬೇಕೆಂದು ಯೋಚಿಸಲೂ ಇಲ್ಲ. ಯಾದಗಿರಿ ಕಡೆಯ ಒಬ್ಬ ಹೆಂಗಸು ಇದ್ದಳು. ನನಗಿಂತ ಮೂರ್ನಾಲ್ಕು ವರ್ಷ ಚಿಕ್ಕವಳು. ಗಂಡ ಸೆಂಟ್ರಿಂಗ್ ಕೆಲಸ, ಇವಳು ಇಟ್ಟಿಗೆ ಹೊರುವುದು. ಒಲೆಯ ಮುಂದೆ ಫಿಟ್ಸ್ ಬಂದು ಎಡಗೈ ಮೊಣಕೈವರೆಗೆ ಸುಟ್ಟಿತ್ತು. ನಮ್ಮಲ್ಲಿಗೆ ಬಂದು ಗುಳಿಗೆ ಶುರುವಾದ ಮೇಲೆ ಒಂದೂವರೆ ವರ್ಷದಿಂದ ಫಿಟ್ಸ್ ಒಮ್ಮೆಯೂ ಬಂದಿರಲಿಲ್ಲ. ಆ ಸುಟ್ಟ ಕೈ ಕಮಿಟಿಯವರಿಗೆ ಕಾಣಿಸುತ್ತದೆ ಅಂತ ನಾನು ಲೆಕ್ಕ ಹಾಕಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಅವಳ ತಗಡಿನ ಮನೆಗೆ ಹೋಗಿ ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ನಾ ಏನ್ ಮಾತಾಡ್ಲೀರಿ ಅಕ್ಕಾರ, ಅಷ್ಟ್ ಮಂದಿ ಮುಂದ?"

"ನಿಮಗೆ ಆಗಿದ್ದು ಹೇಳಿ, ಸಾಕು. ನಾನು ಪಕ್ಕದಲ್ಲೇ ಇದ್ದು ಇಂಗ್ಲಿಷಲ್ಲಿ ಹೇಳ್ತೀನಿ."

ಕೈಯ ಹಿಟ್ಟು ಕೊಡವಿ, "ಆತ್ರಿ, ಬರ್ತೀನಿ" ಅಂದಳು. ನನಗೆ ನಿರಾಳವಾಯಿತು. ಅವಳ ಮುಖವನ್ನು ಆವತ್ತು ನಾನು ಸರಿಯಾಗಿ ನೋಡಲಿಲ್ಲ.

ಸಭೆಗೆ ಮುಂಚಿನ ಎರಡು ದಿನ ನನಗೆ ನಿದ್ದೆಯೇ ಇಲ್ಲ. ಆ ಬೆಳಿಗ್ಗೆ ತಿಂಡಿ ತಿನ್ನಲಾಗಲಿಲ್ಲ, ಖಾಲಿ ಹೊಟ್ಟೆಗೆ ಗುಳಿಗೆ ಬೇಡ, ಆಮೇಲೆ ತೆಗೆದುಕೊಂಡರಾಯಿತು ಅಂದುಕೊಂಡೆ. ಹದಿನೈದು ವರ್ಷದಿಂದ ರೋಗಿಯಾಗಿರುವವಳು ಮಾಡಬಾರದ ತಪ್ಪು.

ಕಂಪನಿಯ ಕಟ್ಟಡದ ಬಾಗಿಲಲ್ಲಿ ಇಬ್ಬರಿಗೂ ಕೊರಳಿಗೆ ಹಾಕಿಕೊಳ್ಳುವ ಕಾರ್ಡ್ ಕೊಟ್ಟರು. ಅವಳು ಮದುವೆಗೆ ಉಡುವಂಥ ಸೀರೆ ಉಟ್ಟು ಸೆರಗಿನಿಂದ ಎಡಗೈ ಮುಚ್ಚಿಕೊಂಡಿದ್ದಳು. ಲಿಫ್ಟಿಗೆ ಕಾಯುವಾಗ ನೆಲದ ಹಾಸುಗಲ್ಲು ನೋಡಿ ಮೆಲ್ಲಗೆ, "ಈ ಫರಸಿ ಸೀದಾ ಕೂಡಸಿಲ್ಲ ನೋಡ್ರಿ" ಅಂದಳು. ನನಗೆ ನಗಲಾಗಲಿಲ್ಲ.

ಒಳಗೆ ಆರು ಜನ ಕೂತಿದ್ದರು. ನನ್ನ ಮಾತು ಹೇಗೋ ಮುಗಿಯಿತು. ಮುಖ್ಯಸ್ಥರು ಅವಳ ಕಡೆ ನೋಡಿ ತಲೆಯಾಡಿಸಿದರು. ಅವಳು ಮೇಜಿನ ಅಂಚನ್ನೇ ನೋಡುತ್ತಾ ಶುರುಮಾಡಿದಳು. ಒಲೆಯ ವಿಷಯ, ಗಂಡ ಮಂತ್ರ ಹಾಕಿಸಲು ಕರೆದೊಯ್ದದ್ದು, ನೀರು ತರಲು ಹೋದರೆ ಉಳಿದ ಹೆಂಗಸರು ಕೊಡ ದೂರ ಸರಿಸುತ್ತಿದ್ದದ್ದು. ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಆಗ ಒಬ್ಬರು, ಬರುವ ಮುಂಚೆ ನಿಮಗೆ ಗೊತ್ತಾಗುತ್ತಾ ಅಂತ ಕೇಳಿದರು.

"ಗೊತ್ತಾಗ್ತದ್ರಿ. ಹೊಟ್ಯಾಗಿಂದ ಏನೋ ಮ್ಯಾಲ ಏರಿದಂಗ ಆಗ್ತದ. ಸುಟ್ಟ ವಾಸನಿ ಬರ್ತದ. ಭಾಳ ಅಂಜಿಕಿ ಆಗ್ತದ, ಯಾಕಂತ ತಿಳಿಯಂಗಿಲ್ಲ."

ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಹೊಟ್ಟೆಯೊಳಗಿಂದ ಏನೋ ಮೇಲೇರಿತು. ಮೊದಲು ಅದು ಅವಳ ಮಾತಿನ ಪ್ರಭಾವ ಅಂದುಕೊಂಡೆ. ಆಮೇಲೆ ಎಡಗೈ ಬೆರಳುಗಳು ನನ್ನವಲ್ಲ ಅನ್ನಿಸತೊಡಗಿದವು. ಎದ್ದು ಹೊರಗೆ ಹೋಗಬೇಕು, ಬಾಗಿಲು ಹಾಕಿಕೊಳ್ಳಬೇಕು, ಇವರ ಮುಂದೆ ಆಗಬಾರದು. ಎದ್ದದ್ದು ನೆನಪಿದೆ. ಬಾಗಿಲು ತುಂಬಾ ದೂರ ಇತ್ತು. ಅದಾದ ಮೇಲೆ ನನಗೇನೂ ನೆನಪಿಲ್ಲ.

ಆಮೇಲಿನದ್ದನ್ನು ಬೇರೆಯವರಿಂದ ಕೇಳಿ ತಿಳಿದೆ. ನಾನು ಎದ್ದ ರೀತಿ ನೋಡಿಯೇ ಅವಳಿಗೆ ಗೊತ್ತಾಯಿತಂತೆ. ತಲೆ ಮೇಜಿಗೆ ಬಡಿಯುವ ಮುಂಚೆ ಹಿಡಿದುಕೊಂಡು ನೆಲಕ್ಕೆ ಇಳಿಸಿದಳು. ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ತನ್ನ ಚೀಲ ಇಟ್ಟಳು. ಕೊರಳಿನ ಕಾರ್ಡಿನ ದಾರ ಬಿಗಿಯದ ಹಾಗೆ ತೆಗೆದಳು. ಒಬ್ಬರು ಕೈಯಲ್ಲಿ ಕಬ್ಬಿಣ ಹಿಡಿಸಬೇಕು ಅಂತ ಬೀಗದ ಕೈ ಗೊಂಚಲು ತಂದಾಗ ತನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ, ಅದೇನೂ ಬೇಡ, ಬಾಯಿಗೆ ನೀರೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯೋಣ ಅಂದಳಂತೆ. ನಮ್ಮ ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟದ್ದನ್ನೇ ಒಂದೂ ಬಿಡದೆ ಹೇಳಿದ್ದಳು. ಐದು ನಿಮಿಷ ದಾಟಲಿಲ್ಲ.

ಕಣ್ಣು ಬಿಟ್ಟಾಗ ಕಾರ್ಪೆಟ್ಟಿನ ವಾಸನೆ. ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು. ಬಟ್ಟೆ ಒದ್ದೆಯಾಗಿತ್ತು. ಅದನ್ನು ಅವಳು ತನ್ನ ಶಾಲಿನಿಂದ ಮುಚ್ಚಿದ್ದಳು. "ಅಂಜಬ್ಯಾಡ್ರಿ ಅಕ್ಕಾರ. ಮುಗದದ. ಇಲ್ಲೇ ಅದೀನಿ ನಾ," ಅನ್ನುತ್ತಿದ್ದಳು. ಅವಳ ಹಿಂದೆ ಆರು ಮುಖಗಳು. ಹದಿನೈದು ವರ್ಷದಿಂದ ನಾನು ಯಾವುದಕ್ಕೆ ಹೆದರಿ ಬದುಕಿದ್ದೆನೋ ಅದು ಆಗಿ ಹೋಗಿತ್ತು. ಆಗಿದ್ದಕ್ಕೆ ಭಯ ಕಡಿಮೆಯಾಗಲಿಲ್ಲ. ಗುಳಿಗೆ ಹೋಯಿತು, ಎಲ್ಲರ ಗುಳಿಗೆಯೂ ನನ್ನಿಂದ ಹೋಯಿತು ಅಂತ ಒಂದೇ ಸಮ ಅನ್ನಿಸುತ್ತಿತ್ತು.

ಡಾಕ್ಟರ್ ರಿಕ್ಷಾದಲ್ಲಿ ಬಂದು ನನ್ನನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ರೋಗಿಗಳ ಬೆಂಚಿನಲ್ಲಿ ಕೂರಿಸಿ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು.

"ಎಷ್ಟು ವರ್ಷದಿಂದ?"

"ಹದಿನೈದು."

"ಮತ್ತೆ ಸ್ಕೂಟರ್?"

ಅವರು ಕೈ ಚಾಚಿದರು. ಕೀಲಿ ಕೊಟ್ಟೆ. "ದಾರಿಯಲ್ಲಿ ಯಾರದಾದರೂ ಮಗು ಅಡ್ಡ ಬಂದಿದ್ದರೆ?" ಅಂದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಸಿತು. ಕೆಲಸದಿಂದ ತೆಗೆಯುತ್ತಾರೆ ಅಂತ ಕಾದೆ. ಅವರು ರೋಗಿಗಳ ವಿವರ ಬರೆಯುವ ಹೊಸ ಕೇಸ್‌ಪೇಪರ್ ತೆಗೆದು ಮೇಲೆ ನನ್ನ ಹೆಸರು ಬರೆದರು. ಎಂಟು ದಿನ ರಜೆ, ಮುಂದಿನ ತಿಂಗಳಿಂದ ಇಲ್ಲೇ ತೋರಿಸಿಕೊಳ್ಳಬೇಕು ಅಂದರು. ನನ್ನ ಹತ್ತಿರವೇ ಮುಚ್ಚಿಟ್ಟೆಯಲ್ಲ ಅಂತ ಒಮ್ಮೆ ಅಂದು ಬೇರೆ ಕಡೆ ನೋಡಿದರು.

ರಜೆ ಮುಗಿಯುವ ಮುಂಚೆಯೇ ನಾನು ಬಸ್ಸಿನಲ್ಲಿ ಆ ಹೆಂಗಸಿನ ಮನೆಗೆ ಹೋದೆ, ಶಾಲು ವಾಪಸ್ ಕೊಡಲು. ಅವಳು ಚಹಾ ಮಾಡಿಕೊಟ್ಟಳು. ಬಾಗಿಲ ಹತ್ತಿರ ಬಕೆಟ್ ಬೋರಲು ಹಾಕಿಕೊಂಡು ಕೂತೆವು.

"ಆವತ್ತು ಅಷ್ಟು ಜನರ ಮುಂದೆ ಮಾತಾಡೋಕೆ ನಿಮಗೆ ಭಯ ಆಗ್ಲಿಲ್ವಾ?" ಅಂದೆ.

"ಆಗಿತ್ರಿ."

"ಮತ್ಯಾಕೆ ಬರ್ತೀನಿ ಅಂದ್ರಿ?"

ಅವಳು ಲೋಟ ಕೆಳಗಿಟ್ಟಳು. "ನೀವು ಕರೀಲಾಕ ಬಂದಾಗ ಇಲ್ಲ ಅಂದ್ರ ಗುಳಿಗಿ ನಿಂದರಸ್ತೀರಿ ಅಂತ ತಿಳಕೊಂಡೆ."

ಬೇಸರದಿಂದ ಹೇಳಲಿಲ್ಲ. ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದಳು. ಜನ ನೋಡುತ್ತಾರೆ ಅನ್ನುವ ಭಯಕ್ಕೆ ನಾನು ಒಂದು ಕೆಲಸವನ್ನೇ ಬಿಟ್ಟು ಓಡಿದವಳು. ಅದೇ ಭಯವನ್ನು ಅವಳ ಮನೆ ಬಾಗಿಲಿಗೆ ಒಯ್ದು ಕೊಟ್ಟು, ಒಪ್ಪಿಕೊಂಡಳು ಅಂತ ನೆಮ್ಮದಿಯಿಂದ ವಾಪಸ್ ಬಂದಿದ್ದೆ. "ಗುಳಿಗೆ ಯಾವತ್ತೂ ನಿಲ್ಲಿಸಲ್ಲ, ನೀವು ಏನೇ ಅನ್ನಿ," ಅಂದೆ. ಹೇಳುತ್ತಿರುವಾಗಲೇ ಕಪಾಟು ಕಣ್ಣ ಮುಂದೆ ಬಂತು. ಆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ.

ಮರುವಾರ ಕಂಪನಿಯ ಮುಖ್ಯಸ್ಥರ ಫೋನ್ ಬಂತು. ನನ್ನ ಆರೋಗ್ಯ ವಿಚಾರಿಸಿ, ಕಮಿಟಿಗೆ ಮನಸ್ಸಾಗಿದೆ ಅಂದರು. ಆಮೇಲೆ ಮೆತ್ತಗೆ, "ಒಂದು ಸಣ್ಣ ವಿಡಿಯೋ ಮಾಡೋಣ ಅಂತ. ನೀವು ಮತ್ತು ಅವರು ಇಬ್ಬರೂ. ಅವತ್ತು ನಡೆದದ್ದನ್ನು ನೀವೇ ಹೇಳಬೇಕು. ನಮ್ಮ ವಾರ್ಷಿಕ ಸಮಾರಂಭದಲ್ಲಿ ತೋರಿಸ್ತೀವಿ," ಅಂದರು.

ಹೂಂ ಅಂದರೆ ಔಷಧಿ ಬರುತ್ತದೆ. ತುಮಕೂರಿನಲ್ಲಿ ಅಮ್ಮ ಆ ವಿಡಿಯೋ ನೋಡುತ್ತಾಳೆ. ಆ ಹೆಂಗಸಿನ ಗಂಡನ ಊರಿನವರು ನೋಡುತ್ತಾರೆ. ಯೋಚಿಸಿ ಹೇಳುತ್ತೇನೆ ಅಂತಲೂ ಅನ್ನಬಹುದಿತ್ತು. "ಆಗೋದಿಲ್ಲ ಸರ್. ಅವರನ್ನು ಆವತ್ತು ಕರೆತಂದದ್ದೇ ತಪ್ಪು. ಇನ್ನೊಮ್ಮೆ ಕೇಳೋದಿಲ್ಲ. ನಾನೂ ನಿಲ್ಲೋದಿಲ್ಲ," ಅಂದುಬಿಟ್ಟೆ. ಅವರು ನೋಡೋಣ ಅಂತ ಫೋನ್ ಇಟ್ಟರು.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕಪಾಟಿನ ಕಡೆ ಒಮ್ಮೆ ನೋಡಿದರು. "ಸರಿ ಮಾಡಿದೆ. ಎರಡು ವಾರಕ್ಕಾಗುವಷ್ಟು ಔಷಧಿ ಇದೆ. ನನ್ನ ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡ್ತೀನಿ," ಅಂದರು. ಐದು ದಿನ ಕಂಪನಿಯಿಂದ ಏನೂ ಸುದ್ದಿಯಿಲ್ಲ. ಆ ಐದು ದಿನ ಗುಳಿಗೆ ಕೊಡುವ ಕಿಟಕಿಯಲ್ಲಿ ನಾನೇ ಕೂತೆ. ಮುಂದಿನ ತಿಂಗಳು ಯಾವತ್ತು ಬರಲಿ ಅಂತ ಒಬ್ಬೊಬ್ಬರು ಕೇಳಿದಾಗಲೂ ತಾರೀಕು ಬರೆದುಕೊಟ್ಟೆ. ಬರೆಯುವಾಗ ಕಣ್ಣೆತ್ತಿ ಅವರ ಮುಖ ನೋಡಲಾಗುತ್ತಿರಲಿಲ್ಲ.

ಆರನೇ ದಿನ ಮೇಲ್ ಬಂತು. ವಿಡಿಯೋದಲ್ಲಿ ಡಾಕ್ಟರ್ ಒಬ್ಬರೇ ಮಾತಾಡಿದರೂ ಸಾಕು, ಒಂದು ವರ್ಷದ ಔಷಧಿಯ ಖರ್ಚು ನಮ್ಮದು ಅಂತ ಬರೆದಿದ್ದರು. ತಮ್ಮ ನೌಕರರಿಗೆ ಫಿಟ್ಸ್ ಬಂದಾಗ ಏನು ಮಾಡಬೇಕೆಂದು ನಾವು ಬಂದು ಕಲಿಸಬೇಕು ಅನ್ನುವುದೂ ಕೊನೆಯಲ್ಲಿತ್ತು. ಬೀಗದ ಕೈ ತಂದವರೇ ಅದನ್ನು ಸೇರಿಸಲು ಹೇಳಿದ್ದರಂತೆ, ಆಮೇಲೆ ಗೊತ್ತಾಯಿತು. ನಾನು ಆ ಮೇಲನ್ನು ಮೂರು ಸಲ ಓದಿ, ಡಾಕ್ಟರ ಕೋಣೆಗೆ ಹೋಗುವ ಮುಂಚೆ ಮುಖ ತೊಳೆದುಕೊಂಡೆ.

ಒಂದು ವರ್ಷ ಅಂದರೆ ಒಂದೇ ವರ್ಷ. ಈಗ ಅದೂ ಮುಗಿಯುತ್ತಾ ಬಂದಿದೆ, ಮತ್ತೆ ಕಂಪನಿಗಳ ಬಾಗಿಲಲ್ಲಿ ಕಾರ್ಡ್ ಹಾಕಿಕೊಂಡು ಕೂರುತ್ತೇನೆ. ರೋಗಿಯನ್ನು ಕರೆತನ್ನಿ ಅಂತ ಈಗಲೂ ಕೇಳುತ್ತಾರೆ. ಆಗೋದಿಲ್ಲ, ಕ್ಲಿನಿಕ್ಕಿಗೆ ನೀವೇ ಬಂದು ನೋಡಿ ಅನ್ನುತ್ತೇನೆ. ಕಳೆದ ವಾರ ಒಂದು ಕಡೆ, ನಿಮಗೆ ಈ ರೋಗದ ಬಗ್ಗೆ ಇಷ್ಟು ಹೇಗೆ ಗೊತ್ತು ಅಂತ ಕೇಳಿದರು. ನನಗೂ ಇದೆ ಅಂದೆ. ಎದೆ ಹೊಡೆದುಕೊಂಡ ಸದ್ದು ಅವರಿಗೂ ಕೇಳಿಸಿತೇನೋ ಅನ್ನಿಸಿತು. ಅಲ್ಲಿದ್ದ ಹೆಂಗಸು ಪೆನ್ನು ಕೆಳಗಿಟ್ಟು, ನೀರು ಬೇಕಾ ಅಂದಳು. ಬೇಡ ಅಂತ ಹೇಳಿ ಔಷಧಿಯ ಪಟ್ಟಿಯನ್ನು ಅವಳ ಮುಂದಿಟ್ಟೆ.